ವಿಳಾಸದಮ್ಮನ ಸೊಸೆ

ನಮ್ಮ ಅತ್ತೆಯನ್ನು ಬೀದಿಯವರೆಲ್ಲ ವಿಳಾಸದಮ್ಮ ಎನ್ನುತ್ತಾರೆ. ಎದುರಿಗೆ ಯಾರೂ ಅನ್ನುವುದಿಲ್ಲ. ಅತ್ತೆಗೆ ಅದು ಗೊತ್ತು, ಗೊತ್ತಿಲ್ಲದವರ ಹಾಗೆ ಇದ್ದು ಒಳಗೊಳಗೇ ಹಿಗ್ಗುತ್ತಾರೆ. ಹೆಸರೇನೂ ಸುಮ್ಮನೆ ಬಂದದ್ದಲ್ಲ. ಕಾಲು ಮುರಿದವರಿಗೆ ಊರುಗೋಲು ಎಲ್ಲಿ ಎರವಲು ಸಿಗುತ್ತದೆ, ಕನ್ನಡಕ ಯಾವ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ, ಪಿಂಚಣಿ ನಿಂತುಹೋದರೆ ಯಾವ ಕಚೇರಿಯ ಯಾವ ಕಿಟಕಿಗೆ ಹೋಗಬೇಕು, ಆ ಕಿಟಕಿಯ ಗುಮಾಸ್ತ ಊಟಕ್ಕೆ ಎದ್ದರೆ ಮತ್ತೆ ಎಷ್ಟು ಹೊತ್ತಿಗೆ ಬರುತ್ತಾನೆ, ಎಲ್ಲವೂ ಅವರ ತಲೆಯಲ್ಲಿದೆ. ಒಂದು ಚೀಟಿಯನ್ನೂ ಬರೆದಿಟ್ಟುಕೊಂಡವರಲ್ಲ.

ಅವರ ದರ್ಬಾರು ನಡೆಯುವುದು ಭಾನುವಾರ, ಚರ್ಚಿನ ಹಿಂದಿನ ಟೀ ಕೋಣೆಯಲ್ಲಿ. ಪ್ರಾರ್ಥನೆ ಮುಗಿದ ಮೇಲೆ ಅಲ್ಲಿ ಎಲ್ಲರಿಗೂ ಟೀ, ಬಿಸ್ಕತ್ತು. ಪ್ರಾರ್ಥನೆಗೆ ಬಾರದವರೂ ಟೀಗೆ ಬರುತ್ತಾರೆ, ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಕಿಟಕಿಯ ಕೆಳಗೆ ಒಂದು ಬೆಂಚಿದೆ. ಏನಾದರೂ ಬೇಕಾದವರು ಸುಮ್ಮನೆ ಹೋಗಿ ಅದರ ಮೇಲೆ ಕೂತರಾಯಿತು. ಅತ್ತೆ ಎರಡು ಲೋಟ ಟೀ ಹಿಡಿದು ಹೋಗಿ, ಪಕ್ಕದಲ್ಲಿ ಕೂತು, ಮೂರು ಮಾತು ಕೇಳುತ್ತಾರೆ. ಏನು ಬೇಕು, ಮನೆಯಲ್ಲಿ ಯಾರ್ಯಾರಿದ್ದೀರಿ, ನಿಮಗೆ ಏನು ಬರುತ್ತೆ. ಮೂರನೆಯದಕ್ಕೆ ಉತ್ತರ ಹೇಳದೆ ಎದ್ದುಹೋಗುವ ಹಾಗಿಲ್ಲ. ಹೊಲಿಗೆ ಬರುತ್ತೆ, ಪಂಕ್ಚರ್ ಹಾಕೋಕೆ ಬರುತ್ತೆ, ಮಕ್ಕಳಿಗೆ ಪಾಠ ಹೇಳೋಕೆ ಬರುತ್ತೆ, ಹೀಗೆ ಏನಾದರೊಂದು ಹೇಳಲೇಬೇಕು. ನನಗೇನೂ ಬರಲ್ಲಮ್ಮ ಎಂದವರಿಗೆ, ಹಾಗಾದರೆ ಲೋಟ ತೊಳೆಯೋಕಾದರೂ ಬರುತ್ತೋ ಎನ್ನುತ್ತಾರೆ. ಕೇಳಿಕೊಂಡು ಬಂದವರು ಬರಿಗೈಯವರು ಎನ್ನಿಸಿಕೊಂಡು ಹೋಗಬಾರದು ಎನ್ನುವುದು ಅವರ ಹಟ. ನಾನು ಒಂದು ಗಂಟೆ ಬೋಧಿಸೋದನ್ನ ಇವರು ಒಂದು ಲೋಟ ಟೀಯಲ್ಲಿ ಮುಗಿಸಿಬಿಡ್ತಾರೆ ಎಂದು ಪಾದ್ರಿಯವರೇ ಒಮ್ಮೆ ನಗಾಡಿದ್ದರು.

ಆದರೆ ಅತ್ತೆಗೆ ಇನ್ನೊಂದು ಹಟವೂ ಇತ್ತು. ಅವರಿಗಿಂತ ಮುಂಚೆ ಈ ಕೆಲಸ ನೋಡಿಕೊಳ್ಳುತ್ತಿದ್ದ ಹೆಂಗಸು, ದಾನಕ್ಕೆ ಬಂದ ಒಳ್ಳೊಳ್ಳೆಯ ಕಂಬಳಿಗಳನ್ನೆಲ್ಲ ತನ್ನ ತಂಗಿಯ ಮನೆಗೆ ಸಾಗಿಸಿದಳಂತೆ. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಾದರೇನು ಎಂದು ಜನ ಆಡಿಕೊಂಡರಂತೆ. ಅತ್ತೆ ಆ ಜಾಗಕ್ಕೆ ಬಂದ ಮೇಲೆ ಆ ಕೋಣೆಯಿಂದ ನಮ್ಮ ಮನೆಗೆ ಒಂದು ಬಿಸ್ಕತ್ತಿನ ಪುಡಿಯೂ ಬಂದಿಲ್ಲ. ನನ್ನ ಮಗಳು ಪುಟ್ಟಿ ಚಿಕ್ಕವಳಿದ್ದಾಗ ದಾನದ ರಾಶಿಯಿಂದ ಒಂದು ಕೆಂಪು ಸ್ವೆಟರ್ ಎತ್ತಿ ಹಾಕಿಕೊಂಡಿದ್ದಳು. ಅಜ್ಜಿ ಎಲ್ಲರೆದುರಿಗೇ ಬಿಚ್ಚಿಸಿದರು. "ನಮ್ಮದು ಕೊಡೋ ಮನೆ, ತಗೊಳ್ಳೋ ಮನೆ ಅಲ್ಲ" ಎನ್ನುವುದು ಅವರಿಗೆ ಬಾಯಿಪಾಠ. ಕೊಡೋ ಮನೆಯ ಸೊಸೆಯಾಗಿ ಬಾಳುವುದು ಏನೆಂದು ನನ್ನನ್ನು ಕೇಳಿ.

ಮಾವ ಬಸ್ ಕಂಡಕ್ಟರಾಗಿದ್ದವರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಗಟ್ಟಿಯಾಗಿಯೇ ಇದ್ದರು. ಹೋದ ವರ್ಷದಿಂದ ಮರೆವು ಶುರುವಾಯಿತು. ಮೊದಮೊದಲು ನಾವು ವಯಸ್ಸು ಎಂದುಕೊಂಡೆವು. ಒಂದು ದಿನ ಊಟದ ಮೇಜಿನಲ್ಲಿ ಪುಟ್ಟಿಯನ್ನು ನೋಡಿ, ನೀನು ಎಲ್ಲಿ ಇಳೀಬೇಕಮ್ಮ ಎಂದು ಕೇಳಿದರು. ಅವಳು ತಮಾಷೆ ಎಂದುಕೊಂಡು ಕೊನೇ ಸ್ಟಾಪ್ ತಾತ ಎಂದಳು. ಮಾವ ನಗಲಿಲ್ಲ. ಚಿಲ್ಲರೆಗೆ ಕೈ ಚಾಚಿದರು. ಅತ್ತೆ ಏನೂ ಆಗದವರ ಹಾಗೆ ಅವರ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದರು. ನನ್ನ ಗಂಡ ಮಾತ್ರ ಅರ್ಧ ಊಟಕ್ಕೇ ಎದ್ದ.

ನನ್ನ ಗಂಡನಿಗೆ ಊರಿನ ನೀರಿನ ಪಂಪ್ ಮನೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಧ್ಯಾಹ್ನದವರೆಗೆ ಮಲಗುತ್ತಾನೆ. ಅತ್ತೆ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹರಿದ ಹೊದಿಕೆ, ದಿಂಬಿನ ಚೀಲ ಹೊಲಿಯುತ್ತಾರೆ. ನಾನು ಬೇಕರಿಯಲ್ಲಿ. ಹೊತ್ತು ಹುಟ್ಟುವ ಮುಂಚೆ ಹೋದರೆ ಬರುವುದು ಮಧ್ಯಾಹ್ನ ಊಟದ ಹೊತ್ತಿಗೆ. ಪುಟ್ಟಿ ಶಾಲೆಗೆ. ಹೀಗಾಗಿ ಬೆಳಗಿನ ಹೊತ್ತು ಮನೆಯಲ್ಲಿ ಇರುವವರು ಇಬ್ಬರೇ, ನಿದ್ದೆಯಲ್ಲಿರುವ ಮಗ, ಎಚ್ಚರವಿರುವ ಅಪ್ಪ. ಒಂದು ಮಂಗಳವಾರ ಮಗ ಕಣ್ಣು ಬಿಟ್ಟು ನೋಡಿದರೆ ಬಾಗಿಲು ಹಾರುಹೊಡೆದಿದೆ, ಅಪ್ಪ ಇಲ್ಲ. ಹಳೆಯ ಖಾಕಿ ಅಂಗಿಯೂ ಮೊಳೆಯ ಮೇಲಿಲ್ಲ.

ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ. ಹೊರಡಲು ನಿಂತ ಬಸ್ಸಿನ ಬಾಗಿಲಲ್ಲಿ ನಿಂತು, ಒಳಗೆ ಹೋಗಿ, ಒಳಗೆ ಜಾಗ ಇದೆ ಎಂದು ಜನರನ್ನು ಗದರಿಸುತ್ತಿದ್ದರಂತೆ. ಅಲ್ಲಿಗೆ ಹೋಗಲು ಹೆದ್ದಾರಿ ದಾಟಬೇಕು. ದಾಟಿದ್ದು ಹೇಗೋ ದೇವರೇ ಬಲ್ಲ. ನನ್ನ ಗಂಡ ಅಪ್ಪನ ಕೈ ಹಿಡಿದು ಕರೆತಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟ. ನಾನು ಮಲಗಬಾರದಿತ್ತು, ಮಲಗಬಾರದಿತ್ತು ಎಂದು ಅದೊಂದೇ ಮಾತು. ರಾತ್ರಿಯೆಲ್ಲ ಎದ್ದಿದ್ದವನು ಹಗಲು ಮಲಗದೆ ಇನ್ನೇನು ಮಾಡಿಯಾನು.

ಅಂದಿನಿಂದ ಮನೆಯಲ್ಲಿ ಪಾಳಿ ಶುರುವಾಯಿತು. ಒಂದು ದಿನ ಅತ್ತೆ ರಜೆ, ಒಂದು ದಿನ ನಾನು. ಗಂಡ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡು ಮಲಗಿ ನೋಡಿದ. ಮಾವ ಅವನನ್ನು ದಾಟಿಕೊಂಡು ಹೋದರು. ನಾನು ರಜೆ ಹಾಕಲಾಗದ ಒಂದು ದಿನ ಪುಟ್ಟಿಯನ್ನು ಶಾಲೆಗೆ ಕಳಿಸಲಿಲ್ಲ. ಅವಳಿಗೆ ಅಂದು ವಿಜ್ಞಾನದ ಪರೀಕ್ಷೆ. ಮಧ್ಯಾಹ್ನ ನಾನು ಬಂದಾಗ ಮಾತಾಡದೆ ಪಾತ್ರೆ ತಿಕ್ಕುತ್ತಿದ್ದಳು, ತಿಕ್ಕುವ ಸದ್ದಿನಲ್ಲೇ ಬೈಗುಳ ಕೇಳುತ್ತಿತ್ತು. ಕೊನೆಗೆ ಒಂದೇ ಮಾತು ಹೇಳಿದಳು. "ಬೀದಿಯವರಿಗೆಲ್ಲ ಅಜ್ಜಿ ಒಂದೊಂದು ದಾರಿ ಹುಡುಕಿಕೊಡ್ತಾರೆ. ನಮ್ಮ ಮನೆಗೆ ದಾರಿ ಅಂದ್ರೆ ನನ್ನ ಪರೀಕ್ಷೇನಾ?"

ಇದೇ ಹೊತ್ತಿಗೆ ಬೇಕರಿಯ ಯಜಮಾನತಿ ನನ್ನನ್ನು ಕರೆದರು. ದೊಡ್ಡ ಒಲೆ ನೋಡಿಕೊಳ್ಳುತ್ತಿದ್ದ ಮುದುಕ ಆ ತಿಂಗಳ ಕೊನೆಗೆ ಬಿಡುತ್ತಿದ್ದ. ಅವನ ಜಾಗ ನಿನಗೆ ಕೊಡ್ತೀನಿ, ಆದರೆ ಒಲೆ ಹೊತ್ತಿಸಿದ ಮೇಲೆ ರಜೆ ಗಿಜೆ ಅನ್ನೋ ಹಾಗಿಲ್ಲ, ಒಂದು ದಿನ ತಪ್ಪಿದರೆ ಇಡೀ ಊರಿನ ಬ್ರೆಡ್ ತಪ್ಪುತ್ತೆ ಎಂದರು. ಯೋಚನೆ ಮಾಡಿ ಹೇಳು ಎಂದರು. ನಾನು ಮೊದಲು ಆ ಬೇಕರಿಗೆ ಸೇರಿದ್ದು ತಟ್ಟೆ ತೊಳೆಯಲು. ಆಮೇಲೆ ಹಿಟ್ಟಿನ ಮೂಟೆ, ಆಮೇಲೆ ನಾದುವ ಮೇಜು. ಒಲೆಯ ಹತ್ತಿರ ಹೆಂಗಸರು ಯಾರೂ ನಿಂತದ್ದಿಲ್ಲ. ಆ ಒಲೆಯ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವ ಬಿಸಿ, ಬ್ರೆಡ್ಡಿನ ತಳ ತಟ್ಟಿ ಬೆಂದಿತೋ ಇಲ್ಲವೋ ಎಂದು ಕಿವಿಗೊಟ್ಟು ಕೇಳುವುದು, ಇದೆಲ್ಲ ನನಗೆ ಎಷ್ಟು ಇಷ್ಟ ಎಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅತ್ತೆ ಮೂಗು ಮುರಿಯುತ್ತಾರೆ.

ಮೂಗು ಮುರಿದರೂ ಸರಿ ಎಂದು ಆ ರಾತ್ರಿಯ ಊಟಕ್ಕೆ ಮುಂಚೆ ಹೇಳಿಯೇಬಿಟ್ಟೆ. ಅತ್ತೆ ಸೂಪಿನ ಪಾತ್ರೆ ಕೆಳಗಿಳಿಸಿ, ಹಾಗಾದರೆ ಮನೆಯಲ್ಲಿ ಯಾರಿರ್ತಾರೆ ಎಂದರು. ತಮ್ಮದು ಕಾಯಂ ಕೆಲಸ, ನಿವೃತ್ತಿಗೆ ಸ್ವಲ್ಪವೇ ಉಳಿದಿದೆ, ಈಗ ಬಿಟ್ಟರೆ ಪಿಂಚಣಿಯೂ ಹೋಗುತ್ತದೆ. ಮಗನ ಕೆಲಸ ಬಿಡಿಸಲಾಗುವುದಿಲ್ಲ. ಉಳಿದವಳು ನಾನು. ಇದೆಲ್ಲ ಸುಳ್ಳೂ ಅಲ್ಲ. ನಾನು, ಹಗಲು ಮನೆಯಲ್ಲಿ ಒಂದು ಜಾಗ ಕೇಳೋಣ ಅತ್ತೆ ಎಂದೆ. ಹಗಲು ಮನೆ ಎಂದರೆ ಗ್ರಂಥಾಲಯದ ಹಿಂದೆ ಊರಿನವರೇ ನಡೆಸುವ ಜಾಗ. ಮರೆವಿನ ವಯಸ್ಸಾದವರನ್ನು ಬೆಳಿಗ್ಗೆ ವ್ಯಾನಿನಲ್ಲಿ ಕರೆದೊಯ್ದು ಮಧ್ಯಾಹ್ನದ ಮೇಲೆ ತಂದು ಬಿಡುತ್ತಾರೆ. ಅದನ್ನು ಈ ಬೀದಿಗೆ ಪರಿಚಯಿಸಿದವರೇ ಅತ್ತೆ. ಅತ್ತೆ ಸೌಟು ತಿರುವುತ್ತಾ, ಜಾಗ ತುಂಬಿದೆ ಎಂದು ಮಾತು ಮುಗಿಸಿದರು.

ಮಾವ ತಟ್ಟೆಯಿಂದ ತಲೆಯೆತ್ತಿ, ಮುದುಕರ ಮಧ್ಯೆ ಕೂತು ಚಪ್ಪಾಳೆ ತಟ್ಟೋಕೆ ನಾನೇನು ಮುದುಕನಾ ಎಂದರು. ಅವರಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ.

ಜಾಗ ಹೇಗೆ ತುಂಬಿತು ಎಂದು ನನಗೆ ತಿಳಿದದ್ದು ಮರುವಾರ. ಮೂಲೆಮನೆಯ ಬಡಗಿ ಬೇಕರಿಗೆ ಬಂದಿದ್ದ. ಬ್ರೆಡ್ ಕಟ್ಟಿಸಿಕೊಳ್ಳುತ್ತಾ, ನಿಮ್ಮತ್ತೆ ದೇವತೆಯಂಥವರು ಎಂದು ಹೊಗಳಿದ. ಹಗಲು ಮನೆಯಲ್ಲಿ ಇದ್ದದ್ದು ಒಂದೇ ಜಾಗವಂತೆ. ಅದನ್ನು ಅವನ ತಾಯಿಗೆ ಕೊಡಿಸಿದರಂತೆ. ಯಾವಾಗ ಎಂದೆ. ಅವನು ಹೇಳಿದ ದಿನ, ಮಾವ ಬಸ್ ನಿಲ್ದಾಣದಲ್ಲಿ ಸಿಕ್ಕ ಮರುದಿನ. ನನ್ನ ಕೈಯಲ್ಲಿದ್ದ ದಾರದ ಉಂಡೆ ಕೆಳಗೆ ಬಿತ್ತು. ಅವನು ಪಾಪ ಬಗ್ಗಿ ಎತ್ತಿಕೊಟ್ಟ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. ಅತ್ತೆ ಮಾವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು.

"ಇದ್ದ ಒಂದು ಜಾಗಾನೂ ಬಡಗಿ ತಾಯಿಗೆ ಕೊಟ್ರಂತೆ."

"ಕೊಟ್ಟೆ. ಅವನೊಬ್ಬನೇ ಇರೋದು ಮನೇಲಿ. ಅವರಿಗೆ ನಮಗಿಂತ ಕಷ್ಟ."

"ನಮಗೆ ಕಷ್ಟ ಅಂತ ಕೇಳಿದ್ರಾ? ಕೇಳಿ ಅವರು ಇಲ್ಲ ಅಂದಿದ್ರೆ ಆ ಮಾತು ಬೇರೆ."

"ನನ್ನ ಬಾಯಿಂದ ನನ್ನ ಮನೆಗೆ ಹೇಗೆ ಕೇಳ್ಲಿ? ನಾಳೆ ಜನ ಏನಂತಾರೆ?"

"ಜನ ಈಗಾಗಲೇ ಅಂತಿದ್ದಾರೆ. ಮನೆಗೆ ಮಾರಿ, ಊರಿಗೆ ಉಪಕಾರಿ."

ಜನ ಯಾರೂ ಅಂದಿರಲಿಲ್ಲ. ಅಂದವಳು ನಾನೇ. ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಹಿಟ್ಟು ನಾದೋದೂ ಒಂದು ಕೆಲಸ ಅಂತ ಇಷ್ಟು ಹಾರಾಡ್ತೀಯಲ್ಲ. ನಾದೋಕೆ ಮನೇಲೇ ಜಾಗ ಇದೆ" ಎಂದರು. ನನ್ನ ಗಂಡ ಹಾಸಿಗೆಯಿಂದ ಎದ್ದು ಬಂದು ಇಬ್ಬರ ಮಧ್ಯೆ ನಿಂತ. ಇಬ್ಬರೂ ಒಟ್ಟಿಗೆ ಅವನನ್ನೇ ಬೈದೆವು. ಅದೊಂದರಲ್ಲಿ ಅತ್ತೆ ಸೊಸೆಗೆ ಒಮ್ಮತ.

ಆಮೇಲೆ ಒಂದು ವಾರ ನಮ್ಮಿಬ್ಬರಲ್ಲಿ ಮಾತಿಲ್ಲ. ಉಪ್ಪು ಬೇಕಾದರೆ ಪುಟ್ಟಿಯ ಮೂಲಕ, ಸೋಪು ಮುಗಿದರೆ ಪುಟ್ಟಿಯ ಮೂಲಕ. ಅವಳು ಮೂರನೇ ದಿನಕ್ಕೇ ಬೇಸತ್ತು, ನಾನೇನು ಅಂಚೆಯವಳಾ ಎಂದು ತಟ್ಟೆ ತೆಗೆದುಕೊಂಡು ಒಳಗೆ ಹೋಗಿ ಉಂಡಳು. ಬೆಳಿಗ್ಗೆ ಮಾವನಿಗೆ ಮೊಟ್ಟೆ ಬೇಯಿಸಿಡುವುದು ನಾನು, ಸುಲಿದು ತಿನ್ನಿಸುವುದು ಅತ್ತೆ. ನಾನು ರಜೆ ಹಾಕಿದ್ದ ಒಂದು ದಿನ ಮಾವ ತಿನ್ನುತ್ತಾ ತಿನ್ನುತ್ತಾ, ಈ ಮನೇಲಿ ಯಾರಾದ್ರೂ ಸತ್ತಿದ್ದಾರಾ ಎಂದು ಕೇಳಿದರು. ಅತ್ತೆ ಸೆರಗಿನಿಂದ ಅವರ ಬಾಯಿ ಒರೆಸಿದರು, ಆಮೇಲೆ ತಮ್ಮ ಕಣ್ಣು ಒರೆಸಿಕೊಂಡರು. ನಾನು ನೋಡಿದೆ. ಆದರೂ ಮಾತಾಡಿಸಲಿಲ್ಲ.

ಶನಿವಾರ ಯಜಮಾನತಿ ಮತ್ತೆ ಕೇಳಿದರು. ನಾನು, ಆಗಲ್ಲ ಅಮ್ಮ ಎಂದು ಹೇಳಲು ಬಾಯಿ ತೆರೆದೆ. ಆದರೆ ಬಂದದ್ದು, ಸೋಮವಾರ ಹೇಳ್ತೀನಿ ಎಂಬ ಮಾತು. ಯಾಕೆ ಹಾಗಂದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಬಾಯಿ ನನಗೂ ಇತ್ತಲ್ಲ.

ಮರುದಿನ ಪ್ರಾರ್ಥನೆ ಮುಗಿಯಿತು. ಟೀ ಕೋಣೆ ಎಂದಿನಂತೆ ತುಂಬಿತ್ತು. ಬಡಗಿ ಇದ್ದ, ಕ್ಷೌರದಂಗಡಿಯವನಿದ್ದ, ಹಾಡುವ ಗುಂಪಿನ ಹೆಂಗಸರಿದ್ದರು. ಮಾವನನ್ನು ನನ್ನ ಗಂಡ ಗೋಡೆಯ ಪಕ್ಕ ಕೂರಿಸಿದ್ದ. ಅತ್ತೆ ಕೆಟಲಿನ ಹತ್ತಿರ ನಿಂತು ಲೋಟ ಜೋಡಿಸುತ್ತಿದ್ದರು. ನಾನು ನೇರವಾಗಿ ಹೋಗಿ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕೂತೆ.

ಮಾತುಗಳು ಒಂದೊಂದಾಗಿ ನಿಂತವು. ಯಾರೋ ಬಿಸ್ಕತ್ತು ಕಡಿಯುತ್ತಿದ್ದ ಸದ್ದು ಮಾತ್ರ ಉಳಿಯಿತು, ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ವಿಳಾಸದಮ್ಮನ ಸೊಸೆ ಕೇಳುವವರ ಬೆಂಚಿನಲ್ಲಿ. ನನ್ನ ಗಂಡ ಕಣ್ಣಿನಲ್ಲೇ, ಏಳು ಎಂದ. ನಾನು ಏಳಲಿಲ್ಲ. ಕಿವಿ ಸುಡುತ್ತಿತ್ತು, ಸೀರೆಯ ಮೇಲೆ ಕೈ ಒತ್ತಿ ಹಿಡಿದುಕೊಂಡಿದ್ದೆ. ಅತ್ತೆ ನನ್ನನ್ನು ನೋಡಿದರು. ಮುಖ ತಿರುಗಿಸಿಕೊಂಡು ಹೋಗಿಬಿಡುತ್ತಾರೆ ಎಂದುಕೊಂಡೆ. ಅವರು ಎರಡು ಲೋಟಕ್ಕೆ ಟೀ ಬಗ್ಗಿಸಿದರು. ಒಂದಕ್ಕೆ ಸಕ್ಕರೆ ಜಾಸ್ತಿ ಹಾಕಿದರು, ನಾನು ಕುಡಿಯುವ ಹಾಗೆ. ಬಂದು ನನ್ನ ಪಕ್ಕದಲ್ಲಿ ಕೂತರು.

"ಏನು ಬೇಕಿತ್ತಮ್ಮಾ ನಿಮಗೆ?"

ನನಗೆ ಬಹುವಚನ. ಬೇರೆ ಯಾರಿಗೆ ಹೇಗೋ ನನಗೂ ಹಾಗೆ.

"ನಮ್ಮ ಮಾವನವರನ್ನ ಬೆಳಗ್ಗೆ ಹೊತ್ತು ನೋಡ್ಕೊಳ್ಳೋಕೆ ಯಾರಾದ್ರೂ ಬೇಕು. ಇಲ್ಲದಿದ್ರೆ ನಾನು ನಾಳೆ ಕೆಲಸ ಬಿಡಬೇಕು."

"ಮನೇಲಿ ಯಾರ್ಯಾರಿದ್ದೀರಿ?"

"ಗಂಡನಿಗೆ ರಾತ್ರಿ ಪಾಳಿ. ಮಗಳು ಶಾಲೆಗೆ ಹೋಗ್ತಾಳೆ. ಅತ್ತೆ ಆಸ್ಪತ್ರೇಲಿ ಬಟ್ಟೆ ಹೊಲೀತಾರೆ, ಭಾನುವಾರ ಊರಿಗೆಲ್ಲ ದಾರಿ ತೋರಿಸ್ತಾರೆ. ಒಳ್ಳೆಯವರು. ಕೇಳೋದು ಅಂದ್ರೆ ಮಾತ್ರ ಅವರಿಗೆ ಜೀವ ಹೋಗುತ್ತೆ."

ಹಾಡುವ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ಒಂದು ಗುಟುಕು ಟೀ ಕುಡಿದರು. ಆಮೇಲೆ ಮೂರನೇ ಮಾತು ಕೇಳಿದರು.

"ನಿಮಗೆ ಏನು ಬರುತ್ತೆ?"

"ಏನಿಲ್ಲ. ಹಿಟ್ಟು ನಾದೋಕೆ ಬರುತ್ತೆ."

"ಅದು ಏನೂ ಅಲ್ಲ ಅಂತ ಯಾರು ಹೇಳಿದ್ದು ನಿಮಗೆ?"

"ನಮ್ಮತ್ತೆ."

ಅತ್ತೆ ಲೋಟವನ್ನು ಕೆಳಗಿಟ್ಟರು. "ಅವರಿಗೆ ತಿಳೀದು" ಎಂದರು. ಇಡೀ ಕೋಣೆಗೆ ಕೇಳುವ ಹಾಗೆಯೇ ಎಂದರು. "ಈ ಬೀದೀಲಿ ಬೆಳಗ್ಗೆ ಎದ್ದು ಶಾಲೆಗೆ ಹೋಗೋ ಮಕ್ಕಳೆಲ್ಲ ನೀವು ನಾದಿದ್ದನ್ನೇ ತಿಂದು ಹೋಗೋದು. ಅಂಥ ಕೈ ಇರೋರು ಕೆಲಸ ಬಿಡಬಾರದು." ಆಮೇಲೆ ಧ್ವನಿ ಇಳಿಸಿ, ಹಗಲು ಮನೆಯಲ್ಲಿ ಜಾಗ ಇಲ್ಲಮ್ಮ, ಇದ್ದರೆ ನಾನೇ ಕೇಳ್ತಿದ್ದೆ ಎಂದರು. ಅವರ ಕಣ್ಣು ತುಂಬಿತ್ತು. ಈ ಸಲ ಒರೆಸಿಕೊಳ್ಳಲಿಲ್ಲ.

ಆಗ ಬಡಗಿ ಗಂಟಲು ಸರಿಮಾಡಿಕೊಂಡ. ಅವನು ಹೇಳಿದ್ದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನ ತಾಯಿ ಹಗಲು ಮನೆಗೆ ಹೋಗುವುದು ಸೋಮವಾರ, ಬುಧವಾರ, ಶುಕ್ರವಾರ ಮಾತ್ರವಂತೆ. ಉಳಿದ ದಿನ ಅವನ ಅಕ್ಕ ಬಂದು ತಾಯಿಯ ಜೊತೆ ಇರುತ್ತಾಳಂತೆ. ಆ ದಿನಗಳಲ್ಲಿ ವ್ಯಾನಿನ ಸೀಟು ಖಾಲಿಯೇ ಓಡುತ್ತಿದೆಯಂತೆ. ಯಾಕಪ್ಪಾ ಹೇಳಲಿಲ್ಲ ಎಂದು ಪಾದ್ರಿಯವರು ಕೇಳಿದರು. ಅವನು ಅತ್ತೆಯ ಕಡೆ ಕೈತೋರಿಸಿ, ಈ ಅಮ್ಮ ಅಷ್ಟು ಕಷ್ಟಪಟ್ಟು ಪೂರ್ತಿ ವಾರ ಕೊಡಿಸಿದ್ದರು, ಅರ್ಧ ವಾಪಸ್ ಕೊಟ್ಟರೆ ಕೊಟ್ಟದ್ದನ್ನು ಕಡೆಗಣಿಸಿದ ಹಾಗಾಗುತ್ತೆ ಅಂತ ಸುಮ್ಮನಿದ್ದೆ ಎಂದ. ಕೇಳಲು ನಾಚಿಕೊಂಡ ನಮ್ಮತ್ತೆಗೂ ಹಿಂದಿರುಗಿಸಲು ನಾಚಿಕೊಂಡ ಇವನಿಗೂ ಮಧ್ಯೆ, ಒಂದು ಖಾಲಿ ಸೀಟು ವಾರವಾರವೂ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತಿತ್ತು.

ಹಾಡುವ ಗುಂಪಿನ ಒಬ್ಬಾಕೆ, ಬಡಿಸುವವರು ನಮ್ಮವರಾದರೆ ಎಂದು ರಾಗ ಎಳೆದಳು. ಖಾಲಿ ಸೀಟಿಗೆ ಯಾರ ಪಂಕ್ತಿ ಅಕ್ಕಾ ಎಂದು ಬಡಗಿಯೇ ಅವಳ ಬಾಯಿ ಮುಚ್ಚಿಸಿದ. ಅಷ್ಟರಲ್ಲಿ ಕ್ಷೌರದಂಗಡಿಯವನು ಎದ್ದು, ಉಳಿದ ದಿನ ಕಂಡಕ್ಟರ್ ಸಾಹೇಬರನ್ನ ನನ್ನ ಅಂಗಡಿಗೆ ಕಳಿಸಿ ಎಂದ. ಅವನ ಎಡಗಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ದಾರಿ ತೋರಿಸಿದವರು ಅತ್ತೆ. ಬೆಳಗ್ಗೆ ಹೊತ್ತು ಗಿರಾಕಿ ಕಡಿಮೆ, ಎದುರಿಗೆ ಕೂತು ಪೇಪರ್ ಓದೋರು ಒಬ್ಬರಿದ್ರೆ ನನಗೂ ಹೊತ್ತು ಹೋಗುತ್ತೆ ಎಂದ. ಮಧ್ಯಾಹ್ನ ಎದ್ದ ತಕ್ಷಣ ನಾನು ಬಂದು ಕರ್ಕೊಂಡು ಹೋಗ್ತೀನಿ ಎಂದು ನನ್ನ ಗಂಡ ಹೇಳಿದ.

ಇನ್ನು ಮಾವ ಒಪ್ಪಬೇಕು. ಅತ್ತೆ ಎದ್ದು ಹೋಗಿ ಅವರ ಎದುರಿಗೆ ನಿಂತರು. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಗಂಡನನ್ನು ಆ ಮಾತು ಕೇಳಿದ್ದು ಅಂದೇ ಇರಬೇಕು.

"ನಿಮಗೇನು ಬರುತ್ತೆ?"

ಮಾವ ಸೆಟೆದು ಕೂತರು. "ಜನರನ್ನ ಹತ್ತಿಸೋಕೆ ಬರುತ್ತೆ. ಇಳಿಸೋಕೆ ಬರುತ್ತೆ. ಒಬ್ಬರನ್ನೂ ಬಿಟ್ಟು ಹೋದವನಲ್ಲ ನಾನು."

ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಮಾತಾಡಲಿಲ್ಲ. ಅಡುಗೆಮನೆಯಲ್ಲೂ ಇಲ್ಲ. ಬೆಂಚಿನ ಮೇಲೆ ಆಡಿದ್ದು ಬೆಂಚಿಗೆ, ಮನೆಯ ಲೆಕ್ಕ ಬೇರೆ ಎಂದುಕೊಂಡು ನಾನೂ ಸುಮ್ಮನಾದೆ. ಎಲ್ಲರೆದುರಿಗೆ ಅವರ ಮಾನ ತೆಗೆದೆನೋ ಏನೋ ಎಂಬ ಅಳುಕು ಇದ್ದೇ ಇತ್ತು. ಆದರೆ ಸೋಮವಾರ ಬೇಕರಿಗೆ ಹೋಗಿ, ಒಲೆ ನನಗೇ ಇರಲಿ ಎಂದು ಹೇಳಿದಾಗ ಯಾವ ಅಳುಕೂ ಇರಲಿಲ್ಲ.

ಮಂಗಳವಾರ ನನ್ನ ಕೊನೆಯ ರಜೆ. ವ್ಯಾನು ಬಂದಾಗ ಮಾವ ಖಾಕಿ ಅಂಗಿ ತೊಟ್ಟು ಬಾಗಿಲಲ್ಲೇ ಸಿದ್ಧರಾಗಿದ್ದರು. ಒಳಗೆ ಕೂರಲಿಲ್ಲ. ಮೊದಲು ಕೆಳಗೆ ನಿಂತು, ಕೋಲು ಹಿಡಿದ ಅಜ್ಜಿಯೊಬ್ಬರ ಕೈಹಿಡಿದು ಹತ್ತಿಸಿ, ಒಳಗೆ ತಲೆಹಾಕಿ ಎಲ್ಲರೂ ಕೂತರಾ ಎಂದು ನೋಡಿ, ಆಮೇಲೆ ತಾವು ಹತ್ತಿ ರೈಟ್ ಎಂದರು. ಅವರು ರೈಟ್ ಎನ್ನದೆ ಹೊರಟರೆ ಜಗಳಕ್ಕೇ ಬರ್ತಾರೆ ಎಂದು ವ್ಯಾನಿನ ಚಾಲಕ ಆಮೇಲೆ ದೂರು ಹೇಳಿದ. ದೂರು ಹೇಳುವಾಗ ನಗುತ್ತಿದ್ದ. ಹಗಲು ಮನೆಯವರಿಗೆ ಆ ಹತ್ತಿಸುವ ಇಳಿಸುವ ಕೆಲಸಕ್ಕೆ ಇನ್ನೊಂದು ಕೈ ಬೇಕೇ ಬೇಕಿತ್ತಂತೆ. ಮರೆವು ಹೋಗಲಿಲ್ಲ, ಹೋಗುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಕ್ಷೌರದಂಗಡಿಯಲ್ಲಿ ಒಂದೇ ಸುದ್ದಿಯನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಓದುತ್ತಾರೆ. ಪ್ರತಿ ಸಲವೂ ಹೌದಾ ಸಾಹೇಬರೇ ಎಂದು ಕೇಳುವ ತಾಳ್ಮೆ ಆ ಪುಣ್ಯಾತ್ಮನಿಗಿದೆ. ಆದರೆ ಮಾವ ಈಗ ಮನೆಗೆ ಬಂದರೆ ಕೆಲಸ ಮುಗಿಸಿ ಬಂದವರ ಹಾಗೆ ಕಾಲು ಚಾಚಿ ಕೂತು ಟೀ ಕೇಳುತ್ತಾರೆ.

ಪುಟ್ಟಿಯ ವಿಜ್ಞಾನದ ಪರೀಕ್ಷೆಯನ್ನು ಶಾಲೆಯವರು ಮತ್ತೆ ತೆಗೆದುಕೊಂಡರು. ನನ್ನ ಗಂಡ ಬಾಗಿಲಿನ ಚಾಪೆಯಿಂದ ಮಂಚಕ್ಕೆ ಬಡ್ತಿ ಪಡೆದ. ನಾನು ತೋಳಿನ ತುಂಬ ಸುಟ್ಟ ಗುರುತು ಮಾಡಿಕೊಂಡು ಒಲೆ ಕಲಿತೆ. ಮೊದಲ ವಾರ ಒಂದು ಇಡೀ ತಟ್ಟೆ ಕಪ್ಪಗಾಯಿತು, ಯಜಮಾನತಿ ನೋಡಿಯೂ ನೋಡದ ಹಾಗೆ ಹೋದರು. ಆಮೇಲೆ ಆಗಲಿಲ್ಲ. ಅತ್ತೆ ಆ ಬ್ರೆಡ್ ತಿನ್ನುತ್ತಿದ್ದರು, ಚೆನ್ನಾಗಿದೆ ಎಂದಾಗಲೀ ಇಲ್ಲ ಎಂದಾಗಲೀ ಒಂದು ಮಾತಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದಿತ್ತೋ ಇಲ್ಲವೋ ನ್ಯಾಯ ಹೇಳುವವರು ಇರಲಿಲ್ಲ.

ಹೀಗಿರುವಾಗ ಒಂದು ಸಂಜೆ ಹಿಂಬಾಗಿಲು ತಟ್ಟಿದ ಸದ್ದಾಯಿತು. ನಿವೃತ್ತರಾದ ಲೆಕ್ಕದ ಮೇಷ್ಟ್ರು. ಬೀದಿಯ ಅರ್ಧ ಜನಕ್ಕೆ ಪಾಠ ಹೇಳಿದವರು, ನನ್ನ ಗಂಡನ ಕಿವಿ ಹಿಂಡಿದವರು. ಮುಂಬಾಗಿಲಿಗೆ ಬಾರದೆ ಓಣಿಯ ಕಡೆಯಿಂದ ಬಂದಿದ್ದರು. ಕೂರಲಿಲ್ಲ. ಟೋಪಿಯನ್ನು ಕೈಯಲ್ಲಿ ತಿರುವುತ್ತಾ ನಿಂತು, ಮನೆಯವಳು ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಾಳೆ, ಎತ್ತಿ ಕೂರಿಸೋಕೂ ನನ್ನ ಕೈಲಾಗ್ತಿಲ್ಲ ಎಂದರು. ಅತ್ತೆ, ಏರಿಸಿ ಇಳಿಸುವ ಮಂಚ ಎರವಲು ಎಲ್ಲಿ ಸಿಗುತ್ತದೆ, ಮನೆಗೇ ಬರುವ ದಾದಿಗೆ ಯಾವ ಆಸ್ಪತ್ರೆಯಲ್ಲಿ ಹೇಳಬೇಕು ಎಂದು ಅಲ್ಲೇ ನಿಂತು ಹೇಳಿದರು. ಮಂಚ ನಾಳೆಯೇ ತರಿಸ್ತೀನಿ, ಅದಕ್ಕೆ ನೀವು ಭಾನುವಾರದವರೆಗೆ ಕಾಯಬೇಕಿಲ್ಲ, ಎತ್ತಿ ಕೂರಿಸೋಕೆ ಬೀದಿಯವರ ಕೈ ಬೇಕಾದರೆ ಮಾತ್ರ ಭಾನುವಾರ ಬಂದು ಕೇಳಿ ಎಂದರು. ಮೇಷ್ಟ್ರಿಗೆ ಉಸಿರು ಬಂದ ಹಾಗಾಯಿತು. ಆಮೇಲೆ, ಹಿಂಬಾಗಿಲಿನಿಂದ ಬಂದ ನಿಜವಾದ ಕಾರಣ ಹೇಳಿದರು. "ಆ ಬೆಂಚಲ್ಲಿ ನನ್ನನ್ನ ಕೂರಿಸಬೇಡಿ ಅಮ್ಮ. ನನ್ನ ವಿದ್ಯಾರ್ಥಿಗಳೆಲ್ಲ ಇರ್ತಾರೆ ಅಲ್ಲಿ. ಈ ವಯಸ್ಸಲ್ಲಿ ಮಾನ ಹೋಗೋದು ಬೇಡ."

ಮೊದಲಿನ ಅತ್ತೆಯಾಗಿದ್ದರೆ ಅವರ ಮಾತಿಗೆ ತಲೆದೂಗುತ್ತಿದ್ದರು. ನಾನು ಆಗಷ್ಟೇ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದೆ. ಅತ್ತೆ ಬಂದು ನನ್ನ ಮೊಣಕೈ ಹಿಡಿದು, ಎಳೆದುಕೊಂಡೇ ಹೋಗಿ ಮೇಷ್ಟ್ರ ಎದುರಿಗೆ ನಿಲ್ಲಿಸಿದರು.

"ಇವಳು ಯಾರು ಗೊತ್ತಾ ಮೇಷ್ಟ್ರೇ?"

"ಗೊತ್ತಿಲ್ಲದೆ ಏನಮ್ಮ. ನಿಮ್ಮ ಸೊಸೆ."

"ಸೊಸೆ ಹೌದು. ಬೇಕರೀಲಿ ದೊಡ್ಡ ಒಲೆ ಇವಳದ್ದೇ. ನೀವು ಬೆಳಗ್ಗೆ ತಿನ್ನೋ ಬ್ರೆಡ್ ಇವಳು ಬೇಯಿಸಿದ್ದು. ಇವಳು ಆ ಬೆಂಚಲ್ಲಿ ಕೂತು, ಎಲ್ಲರ ಎದುರಿಗೆ, ನನ್ನ ಎದುರಿಗೆ, ನಮ್ಮ ಮನೆಗೆ ಬೇಕು ಅಂತ ಬಾಯಿಬಿಟ್ಟು ಕೇಳಿದಳು. ಕೊಡೋ ಮನೆ ಕೊಡೋ ಮನೆ ಅಂತ ನಾನು ಇಷ್ಟು ವರ್ಷ ಬೀಗ್ತಾ ಇದ್ದೆ. ಆ ಧೈರ್ಯ ನನಗೆ ಒಂದು ದಿನಾನೂ ಬರಲಿಲ್ಲ." ನನ್ನ ಮೊಣಕೈಯನ್ನು ಇನ್ನೂ ಬಿಟ್ಟಿರಲಿಲ್ಲ, ಸುಟ್ಟ ಗುರುತಿನ ಮೇಲೆಯೇ ಬಿಗಿಯಾಗಿ ಹಿಡಿದಿದ್ದರು. "ಅವತ್ತು ನಮ್ಮ ಮನೆ ಮಾನ ಹೋಗಲಿಲ್ಲ ಮೇಷ್ಟ್ರೇ. ಅವತ್ತೇ ಬಂದದ್ದು."

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಒಂದು ಕುರ್ಚಿ ಎಳೆದು ಹಾಕಿದೆ. ಅವರು ಟೋಪಿಯನ್ನು ಮೇಜಿನ ಮೇಲಿಟ್ಟು, ಈ ಸಲ ಕೂತರು.